ಅಪ್ಪನಲ್ಲೊಂದು, ಅಮ್ಮನಲ್ಲೊಂದು: ಬೇರೆ ಬೇರೆ ಆನುವಂಶಿಕ ಕಾಯಿಲೆಗಳ ವಾಹಕರಾದ ದಂಪತಿಗೆ ಒಂದು ಮಾರ್ಗದರ್ಶಿ

ಹುಡುಗನ ರಕ್ತಪರೀಕ್ಷೆಯ ವರದಿಯಲ್ಲಿ ‘ಬೀಟಾ ಥಲಸ್ಸೇಮಿಯಾ ಮೈನರ್’ ಎಂದಿದೆ. ಹುಡುಗಿಯ ವರದಿಯಲ್ಲಿ ‘ಸಿಕಲ್ ಸೆಲ್ ಟ್ರೇಟ್’ ಎಂದಿದೆ. ಎರಡರ ಅರ್ಥವೂ ವ್ಯಕ್ತಿ ಆ ರಕ್ತದ ಕಾಯಿಲೆಯ ವಾಹಕ ಎಂದು. ‘ಇಬ್ಬರಿಗೂ ಒಂದೇ ಕಾಯಿಲೆ ಇದ್ದರೆ ತಾನೇ ತೊಂದರೆ? ಇವು ಬೇರೆ ಬೇರೆ’ ಎಂದು ಮನೆಯವರು ನಿರಾಳವಾಗಿ ಮದುವೆ ಮುಗಿಸುತ್ತಾರೆ. ಇನ್ನೊಂದು ಮನೆಯಲ್ಲಿ ಹುಡುಗನಿಗೆ ಅದೇ ಥಲಸ್ಸೇಮಿಯಾ ಮೈನರ್. ಹುಡುಗಿಯಾದರೋ ಎಸ್‌ಎಂಎ ಎಂಬ, ಸ್ನಾಯುಗಳು ಕ್ಷೀಣಿಸುವ ಕಾಯಿಲೆಯ ವಾಹಕಿ. ‘ಎರಡೂ ಕಡೆ ದೋಷವಿದೆ, ಮಗುವಿಗೆ ಎರಡೂ ಅಂಟಿಕೊಳ್ಳುತ್ತವೆ’ ಎಂದು ಹೆದರಿ ನಿಶ್ಚಯವಾಗಿದ್ದ ಮದುವೆಯನ್ನೇ ಮುರಿಯುತ್ತಾರೆ.

ಎರಡು ಮನೆಯವರೂ ತಪ್ಪು ತೀರ್ಮಾನ ಮಾಡಿದ್ದಾರೆ. ಮೊದಲ ಜೋಡಿಯ ಪ್ರತಿ ಮಗುವಿಗೂ ಗಂಭೀರ ರಕ್ತದ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎರಡನೆಯ ಜೋಡಿಯ ವರದಿಗಳಲ್ಲಿ ಮದುವೆ ಮುರಿಯುವಂಥದ್ದು ಏನೂ ಇರಲಿಲ್ಲ. ಇಬ್ಬರೂ ಇನ್ನೊಂದೊಂದು ಪರೀಕ್ಷೆ ಮಾಡಿಸಿಕೊಂಡಿದ್ದರೆ ಸಾಕಾಗಿತ್ತು.

ಇಂಥ ತಪ್ಪುಗಳಿಗೆ ಕಾರಣ ನಾವು ಕಾಯಿಲೆಯ ಹೆಸರನ್ನು ನೋಡಿ ತೀರ್ಮಾನಿಸುವುದು. ಕಾಯಿಲೆಗಳ ಹೆಸರುಗಳನ್ನು ವೈದ್ಯರು ರೋಗಲಕ್ಷಣ ನೋಡಿ ಇಟ್ಟರು. ಅವುಗಳಲ್ಲಿ ಬಹುಪಾಲು ಜೀನ್‌ಗಳ ವಿಚಾರ ತಿಳಿಯುವುದಕ್ಕೆ ಮೊದಲೇ ಇಟ್ಟವು. ಮಗುವಿನ ಅಪಾಯವನ್ನು ತೀರ್ಮಾನಿಸುವುದು ಹೆಸರಲ್ಲ, ಜೀನ್. ಆದ್ದರಿಂದ ಈ ಲೇಖನದ ಉದ್ದಕ್ಕೂ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತೇನೆ: ಕೆಟ್ಟಿರುವುದು ಯಾವ ಜೀನ್?

ಮೊದಲು ಇಷ್ಟು ತಿಳಿದಿರಲಿ

ನಮ್ಮಲ್ಲಿ ಬಹುತೇಕ ಪ್ರತಿ ಜೀನ್‌ಗೂ ಎರಡು ಪ್ರತಿಗಳಿವೆ, ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ವೈದ್ಯರು ರಿಸೆಸಿವ್ ಎಂದು ಕರೆಯುವ ಸುಪ್ತ ಕಾಯಿಲೆಗಳಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಅಂಥವರು ವಾಹಕರು. ಅವರಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಇರುವುದಿಲ್ಲ, ತಾವು ವಾಹಕರೆಂಬುದೂ ತಿಳಿದಿರುವುದಿಲ್ಲ. ಒಂದೇ ಜೀನ್‌ನ ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಕಾಯಿಲೆ ಬರುತ್ತದೆ. ‘ಒಂದೇ ಜೀನ್‌ನ’ ಎಂಬ ಮಾತನ್ನು ನೆನಪಿಡಿ. ಒಂದು ಜೀನ್‌ನ ಒಂದು ಪ್ರತಿ, ಮತ್ತೊಂದು ಜೀನ್‌ನ ಒಂದು ಪ್ರತಿ ಕೆಟ್ಟರೆ ಮಗು ಎರಡರ ವಾಹಕವಾಗುತ್ತದೆಯೇ ಹೊರತು ರೋಗಿಯಾಗುವುದಿಲ್ಲ.

ವಾಹಕರಾಗಿರುವುದು ಕಳಂಕವಲ್ಲ. ಭಾರತದಲ್ಲಿ ಬೀಟಾ ಥಲಸ್ಸೇಮಿಯಾ ವಾಹಕರ ಪ್ರಮಾಣ ಸರಾಸರಿ ನೂರಕ್ಕೆ ಮೂರು–ನಾಲ್ಕು ಎಂದು ಅಂದಾಜಿದೆ. ಎಲ್ಲ ಜೀನ್‌ಗಳನ್ನೂ ಜಾಲಾಡಿದರೆ ಒಂದಲ್ಲ ಒಂದು ಸುಪ್ತ ಕಾಯಿಲೆಯ ವಾಹಕರಾಗಿಲ್ಲದವರು ಸಿಗುವುದೇ ಅಪರೂಪ. ಹುಡುಗಿಯ ವರದಿಯನ್ನು ಮಾತ್ರ ಕೇಳಿ ಹುಡುಗನ ವರದಿಯನ್ನು ಕೇಳದ ಮನೆಗಳು ನಮ್ಮಲ್ಲಿ ಇವೆ. ಅದು ಅನ್ಯಾಯವೂ ಹೌದು, ಲೆಕ್ಕದ ದೃಷ್ಟಿಯಿಂದ ನಿಷ್ಪ್ರಯೋಜಕವೂ ಹೌದು. ಸುಪ್ತ ಕಾಯಿಲೆಗಳಲ್ಲಿ ಒಬ್ಬರ ವರದಿಯಿಂದ ಮಗುವಿನ ಅಪಾಯವನ್ನು ಹೇಳಲು ಆಗುವುದೇ ಇಲ್ಲ.

ಹೆಜ್ಜೆ 1: ವರದಿಯನ್ನು ಅಕ್ಷರಶಃ ಬರೆದುಕೊಳ್ಳಿ

‘ರಕ್ತದಲ್ಲಿ ಏನೋ ಇದೆಯಂತೆ’ ಎಂಬ ನೆನಪಿನ ಮೇಲೆ ಲೆಕ್ಕ ಹಾಕಬೇಡಿ. ಹಳೆಯ ವರದಿ ಹುಡುಕಿ ಮೂರು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ವ್ಯಕ್ತಿ ವಾಹಕರೋ, ರೋಗ ಇರುವವರೋ? ಜೀನ್ ಯಾವುದು? ಆ ಜೀನ್‌ನಲ್ಲಿ ಆಗಿರುವ ಬದಲಾವಣೆ ಯಾವುದು? ಹಿಮೋಗ್ಲೋಬಿನ್ ಪರೀಕ್ಷೆಯ ವರದಿಯಲ್ಲಿ ಜೀನ್‌ನ ಹೆಸರು ಇರುವುದಿಲ್ಲ, ಹಿಮೋಗ್ಲೋಬಿನ್‌ನ ಬಗೆ ಮತ್ತು ಶೇಕಡಾವಾರು ಪ್ರಮಾಣ ಇರುತ್ತದೆ. ಅದನ್ನು ಹಾಗೆಯೇ ಬರೆದುಕೊಳ್ಳಿ.

ಕುಟುಂಬದಲ್ಲಿ ರೋಗಿ ಇದ್ದು ಪರೀಕ್ಷೆ ಯಾರಿಗೂ ಆಗಿಲ್ಲದಿದ್ದರೆ, ಮೊದಲು ಪರೀಕ್ಷೆಯಾಗಬೇಕಾದದ್ದು ಆ ರೋಗಿಗೆ. ಅವರಲ್ಲಿ ಜೀನ್ ಮತ್ತು ಬದಲಾವಣೆ ಗೊತ್ತಾದರೆ ಉಳಿದವರಲ್ಲಿ ಅದೊಂದನ್ನೇ ಹುಡುಕಬಹುದು. ಖರ್ಚೂ ಕಡಿಮೆ, ಉತ್ತರವೂ ಖಚಿತ. ರೋಗಿ ತೀರಿಹೋಗಿದ್ದರೆ ಅವರ ಹಳೆಯ ವರದಿಗಳು, ಆಸ್ಪತ್ರೆಯ ಬಿಡುಗಡೆ ಪತ್ರ, ಯಾವುದಾದರೂ ಪ್ರಯೋಗಾಲಯದಲ್ಲಿ ಉಳಿಸಿಟ್ಟ ರಕ್ತದ ಮಾದರಿ, ಎಲ್ಲವೂ ಬೆಲೆಬಾಳುತ್ತವೆ.

ಹೆಜ್ಜೆ 2: ಕಾಯಿಲೆ ನಿಜಕ್ಕೂ ಸುಪ್ತ ಬಗೆಯದೇ ಎಂದು ಕೇಳಿ

ಮುಂದಿನ ಲೆಕ್ಕವೆಲ್ಲ ಸುಪ್ತ ಕಾಯಿಲೆಗಳಿಗೆ ಮಾತ್ರ. ಹಿಮೋಫಿಲಿಯಾ, ಡುಷೆನ್ ಸ್ನಾಯುಕ್ಷಯದಂಥವು ಎಕ್ಸ್ ವರ್ಣತಂತುವಿಗೆ ಸೇರಿದವು. ಅಲ್ಲಿ ತಾಯಿಯೊಬ್ಬಳು ವಾಹಕಿಯಾಗಿದ್ದರೆ ಸಾಕು, ಪ್ರತಿ ಗಂಡುಮಗುವಿಗೂ ಅರ್ಧದಷ್ಟು ಅಪಾಯ. ತಂದೆಯ ವರದಿ ಶುದ್ಧವಾಗಿದ್ದರೂ ಅದು ಕಡಿಮೆಯಾಗುವುದಿಲ್ಲ. ಪ್ರಬಲ ಬಗೆಯ ಕಾಯಿಲೆಗಳಲ್ಲಿ ಒಂದು ಕೆಟ್ಟ ಪ್ರತಿಯೇ ರೋಗ ತರುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡಿನ ಹೆಸರಿನಲ್ಲೇ ಗುರುತಿಸಲಾಗುವ ಕೀಲು ಕಾಯಿಲೆ ಈ ಪ್ರಬಲ ಬಗೆಗೆ ಸೇರಿದ್ದು. ಇಂಥವು ಯಾವುದಾದರೂ ನಿಮ್ಮ ಹಾಳೆಯಲ್ಲಿದ್ದರೆ ಅದಕ್ಕೆ ಪ್ರತ್ಯೇಕ ಲೆಕ್ಕ ಬೇಕು.

ಹೆಜ್ಜೆ 3: ಎರಡು ಹೆಸರು, ಒಂದೇ ಜೀನೇ?

ಇಡೀ ವಿಷಯ ನಿಂತಿರುವುದು ಇಲ್ಲಿ. ನಿಧಾನವಾಗಿ ಓದಿ.

ಬೀಟಾ ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ಕಾಯಿಲೆಗಳು ಲಕ್ಷಣದಲ್ಲಿ ಬೇರೆ. ಮೊದಲನೆಯದರಲ್ಲಿ ಹಿಮೋಗ್ಲೋಬಿನ್‌ನ ಬೀಟಾ ಸರಪಳಿ ಸಾಕಷ್ಟು ತಯಾರಾಗುವುದಿಲ್ಲ. ತೀವ್ರ ರೂಪದಲ್ಲಿ ಮಗುವಿಗೆ ಎರಡು–ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು. ಎರಡನೆಯದರಲ್ಲಿ ಸರಪಳಿ ತಯಾರಾಗುತ್ತದೆ, ಆದರೆ ಅದರ ಗುಣ ಬದಲಾಗಿ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿ ಅಸಹನೀಯ ನೋವು ತರುತ್ತದೆ. ಲಕ್ಷಣ ಎಷ್ಟೇ ಬೇರೆಯಾದರೂ ಎರಡೂ ಇರುವುದು 11ನೇ ವರ್ಣತಂತುವಿನ ಮೇಲಿರುವ ಎಚ್‌ಬಿಬಿ ಎಂಬ ಒಂದೇ ಜೀನ್‌ನಲ್ಲಿ. ತಂದೆಯಿಂದ ಥಲಸ್ಸೇಮಿಯಾದ ಪ್ರತಿ, ತಾಯಿಯಿಂದ ಸಿಕಲ್‌ನ ಪ್ರತಿ ಬಂದರೆ ಆ ಮಗುವಿಗೆ ಬೀಟಾ ಸರಪಳಿಯ ಒಂದಾದರೂ ಸರಿಯಾದ ಪ್ರತಿ ಇರುವುದೇ ಇಲ್ಲ. ಅದಕ್ಕೆ ಸಿಕಲ್–ಬೀಟಾ ಥಲಸ್ಸೇಮಿಯಾ ಬರುತ್ತದೆ. ಥಲಸ್ಸೇಮಿಯಾದ ಪ್ರತಿ ಬೀಟಾ ಸರಪಳಿಯನ್ನು ಸ್ವಲ್ಪವೂ ತಯಾರಿಸದ ‘ಬೀಟಾ ಸೊನ್ನೆ’ ಬಗೆಯದಾದರೆ ಕಾಯಿಲೆ ಸಿಕಲ್ ಸೆಲ್ ರಕ್ತಹೀನತೆಯಷ್ಟೇ ತೀವ್ರವಾಗಿರುತ್ತದೆ. ಸ್ವಲ್ಪವಾದರೂ ತಯಾರಿಸುವ ‘ಬೀಟಾ ಪ್ಲಸ್’ ಬಗೆಯದಾದರೆ ಸಾಮಾನ್ಯವಾಗಿ ಸೌಮ್ಯ. ಜೀನ್‌ನಲ್ಲಿರುವ ಬದಲಾವಣೆ ಯಾವುದೆಂದು ಬರೆದುಕೊಳ್ಳಿ ಎಂದು ಮೊದಲ ಹೆಜ್ಜೆಯಲ್ಲಿ ಹೇಳಿದ್ದು ಇದಕ್ಕಾಗಿ.

ಇದೇ ಜೀನ್‌ನ ಇನ್ನೂ ಎರಡು ರೂಪಾಂತರಗಳನ್ನು ಭಾರತೀಯರು ತಿಳಿದಿರಬೇಕು. ಬಂಗಾಳ ಮತ್ತು ಈಶಾನ್ಯ ರಾಜ್ಯಗಳಲ್ಲಿ ಹೆಚ್ಚಾಗಿರುವ ಹಿಮೋಗ್ಲೋಬಿನ್ ಇ ಒಂದು. ಅದರ ಎರಡು ಪ್ರತಿಗಳು ಸೇರಿದರೂ ಮಗು ಬಹುಮಟ್ಟಿಗೆ ಆರೋಗ್ಯವಾಗಿರುತ್ತದೆ; ಆದರೆ ಒಂದು ಇ ಪ್ರತಿ, ಒಂದು ಬೀಟಾ ಥಲಸ್ಸೇಮಿಯಾ ಪ್ರತಿ ಸೇರಿದರೆ ಕೆಲವು ಮಕ್ಕಳಿಗೆ ಜೀವನಪೂರ್ತಿ ರಕ್ತ ಬೇಕಾಗುತ್ತದೆ. ಇನ್ನೊಂದು ವಾಯವ್ಯ ಭಾರತದ ಹಿಮೋಗ್ಲೋಬಿನ್ ಡಿ ಪಂಜಾಬ್. ತಾನೊಂದೇ ಇದ್ದಾಗ ನಿರುಪದ್ರವಿಯಾದ ಅದು ಸಿಕಲ್ ಪ್ರತಿಯ ಜತೆ ಸೇರಿದಾಗ ಸಿಕಲ್ ಸೆಲ್ ಕಾಯಿಲೆಯನ್ನೇ ಉಂಟುಮಾಡುತ್ತದೆ.

ಹಿಂದೆ ಇಂಥ ಜೋಡಿಗಳು ಕೂಡುವುದು ಕಡಿಮೆ ಇತ್ತು. ದಕ್ಷಿಣ ಭಾರತದಲ್ಲಿ ಸಿಕಲ್ ಗುಣವನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ನಮ್ಮಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಮೈಸೂರು–ಕೊಡಗಿನ ಕಾಡಂಚಿನ ಜೇನುಕುರುಬರಂಥ ಸಮುದಾಯಗಳಲ್ಲಿ ಅದು ಕಂಡುಬರುತ್ತದೆ. ಛತ್ತೀಸಗಡ, ಒಡಿಶಾ, ಮಹಾರಾಷ್ಟ್ರ, ಗುಜರಾತುಗಳಲ್ಲಿ ಇನ್ನೂ ವ್ಯಾಪಕ. ಬೀಟಾ ಥಲಸ್ಸೇಮಿಯಾ ಸಿಂಧಿ, ಪಂಜಾಬಿ, ಲೋಹಾಣ, ಕಚ್ಛಿ ಭಾನುಶಾಲಿ ಸಮುದಾಯಗಳಲ್ಲಿ ಹೆಚ್ಚು. ಹಾಗೆಂದು ಕನ್ನಡಿಗರಲ್ಲಿ ಇಲ್ಲವೆಂದಲ್ಲ. ಇಂದು ಬೆಂಗಳೂರಿನಲ್ಲಿ ಓದಿ, ಕೆಲಸ ಹಿಡಿದು, ಒಪ್ಪಿ ಮದುವೆಯಾಗುವ ಯುವಜನರಲ್ಲಿ ಈ ಎಲ್ಲ ಊರುಗಳವರೂ ಇದ್ದಾರೆ. ಅದು ಒಳ್ಳೆಯದೇ. ‘ಬೇರೆ ರಾಜ್ಯದವರು, ಬೇರೆ ಜಾತಿಯವರು, ಆದ್ದರಿಂದ ಅಪಾಯವಿಲ್ಲ’ ಎಂಬ ನಂಬಿಕೆ ಮಾತ್ರ ಎಚ್‌ಬಿಬಿ ಜೀನ್‌ನ ಮಟ್ಟಿಗೆ ನಿಲ್ಲುವುದಿಲ್ಲ.

ಹೆಜ್ಜೆ 4: ಒಂದೇ ಹೆಸರು, ಬೇರೆ ಜೀನೇ?

ಇದು ಮೇಲಿನದರ ಇನ್ನೊಂದು ಮುಖ. ಹುಟ್ಟಿನಿಂದ ಕಿವುಡರಾದ ಇಬ್ಬರು ಮದುವೆಯಾದರೆ ಮಕ್ಕಳೂ ಕಿವುಡರೇ ಎಂದು ಜನ ಭಾವಿಸುತ್ತಾರೆ. ಆನುವಂಶಿಕ ಕಿವುಡಿಗೆ ಕಾರಣವಾಗುವ ಜೀನ್‌ಗಳು ನೂರಕ್ಕೂ ಹೆಚ್ಚಿವೆ. ಗಂಡನ ಕಿವುಡು ಜಿಜೆಬಿ2 ಎಂಬ ಜೀನ್‌ನಿಂದ, ಹೆಂಡತಿಯದು ಬೇರೊಂದು ಜೀನ್‌ನಿಂದ ಬಂದಿದ್ದು ಎರಡೂ ಸುಪ್ತ ಬಗೆಯವಾಗಿ, ಒಬ್ಬರು ಇನ್ನೊಬ್ಬರ ಜೀನ್‌ನ ವಾಹಕರಲ್ಲದಿದ್ದರೆ, ಮಕ್ಕಳಿಗೆ ಎರಡೂ ಜೀನ್‌ಗಳಲ್ಲಿ ಒಂದೊಂದು ಒಳ್ಳೆಯ ಪ್ರತಿ ಖಂಡಿತ ಸಿಗುತ್ತದೆ. ಎಲ್ಲ ಮಕ್ಕಳಿಗೂ ಕಿವಿ ಕೇಳಿಸುತ್ತದೆ. ಇಬ್ಬರದೂ ಜಿಜೆಬಿ2 ಆಗಿದ್ದರೆ ಎಲ್ಲ ಮಕ್ಕಳೂ ಕಿವುಡರಾಗಿ ಹುಟ್ಟುತ್ತಾರೆ. ಹೆಸರು ಒಂದೇ, ಫಲ ತದ್ವಿರುದ್ಧ. ಚರ್ಮ–ಕೂದಲು ಬೆಳ್ಳಗಿರುವ ಆಲ್ಬಿನಿಸಂನಲ್ಲೂ ಹೀಗೆಯೇ.

ಈ ನಿಯಮಕ್ಕೆ ಒಂದು ಅಪವಾದವಿದೆ. ಜಿಜೆಬಿ2ರ ಪಕ್ಕದಲ್ಲೇ 13ನೇ ವರ್ಣತಂತುವಿನಲ್ಲಿ ಜಿಜೆಬಿ6 ಎಂಬ ಇನ್ನೊಂದು ಜೀನ್ ಇದೆ. ಆ ಭಾಗದ ಒಂದು ತುಂಡು ಅಳಿಸಿಹೋಗಿದ್ದರೆ ಪಕ್ಕದ ಜಿಜೆಬಿ2 ಕೂಡ ಕೆಲಸ ನಿಲ್ಲಿಸುತ್ತದೆ. ಹೀಗಾಗಿ ಒಬ್ಬರಿಂದ ಜಿಜೆಬಿ2 ದೋಷ, ಇನ್ನೊಬ್ಬರಿಂದ ಜಿಜೆಬಿ6 ಅಳಿಕೆ ಬಂದ ಮಗು ಕಿವುಡಾಗಬಹುದು. ಕಾಗದದ ಮೇಲೆ ಎರಡು ಜೀನ್‌ಗಳ ಹೆಸರು ಬೇರೆ ಕಂಡ ಕೂಡಲೇ ನಿಶ್ಚಿಂತರಾಗದೆ, ‘ಇವೆರಡೂ ಒಂದಕ್ಕೊಂದು ಸಂಬಂಧವಿಲ್ಲದವೇ?’ ಎಂದು ಆನುವಂಶಿಕ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಆಪ್ತ ಸಮಾಲೋಚಕರನ್ನು ಕೇಳಿ ಖಚಿತಪಡಿಸಿಕೊಳ್ಳಿ ಎನ್ನುವುದು ಇದಕ್ಕಾಗಿ.

ಥಲಸ್ಸೇಮಿಯಾದಲ್ಲಿಯೂ ಆಲ್ಫಾ, ಬೀಟಾ ಎಂಬ ಎರಡು ಬಗೆಗಳಿವೆ. ಆಲ್ಫಾ ಜೀನ್‌ಗಳಿರುವುದು 16ನೇ ವರ್ಣತಂತುವಿನಲ್ಲಿ. ಒಬ್ಬರು ಆಲ್ಫಾ ವಾಹಕ, ಇನ್ನೊಬ್ಬರು ಬೀಟಾ ವಾಹಕ ಆಗಿದ್ದರೆ ಮಗುವಿಗೆ ಕಾಯಿಲೆಯ ತೀವ್ರ ರೂಪವಾದ ಥಲಸ್ಸೇಮಿಯಾ ಮೇಜರ್ ಬರುವುದಿಲ್ಲ; ಎರಡೂ ಬಂದರೂ ಸಾಮಾನ್ಯವಾಗಿ ಸೌಮ್ಯ ರಕ್ತಹೀನತೆಯಷ್ಟೇ.

ಹೆಜ್ಜೆ 5: ಈಗ ಗುಣಾಕಾರ

ಇಬ್ಬರ ದೋಷವೂ ಒಂದೇ ಜೀನ್‌ನಲ್ಲಿದ್ದರೆ ಲೆಕ್ಕ ಸರಳ. ಥಲಸ್ಸೇಮಿಯಾ ವಾಹಕ ತಂದೆ, ಸಿಕಲ್ ವಾಹಕಿ ತಾಯಿ: ಮಗುವಿಗೆ ಎರಡೂ ಬಂದು ರೋಗವಾಗುವ ಸಾಧ್ಯತೆ 25%, ಥಲಸ್ಸೇಮಿಯಾ ವಾಹಕತ್ವ ಮಾತ್ರ 25%, ಸಿಕಲ್ ವಾಹಕತ್ವ ಮಾತ್ರ 25%, ಏನೂ ಇಲ್ಲದ್ದು 25%.

ದೋಷಗಳು ಸಂಬಂಧವಿಲ್ಲದ ಬೇರೆ ಜೀನ್‌ಗಳಲ್ಲಿದ್ದರೆ ಶೇಕಡಾವಾರು ಅದೇ, ಅರ್ಥ ಬೇರೆ. ತಂದೆ ಥಲಸ್ಸೇಮಿಯಾ ವಾಹಕ, ತಾಯಿ ಎಸ್‌ಎಂಎ ವಾಹಕಿ ಎಂದುಕೊಳ್ಳಿ. 25% ಮಕ್ಕಳು ಎರಡರ ವಾಹಕರು, 25% ಥಲಸ್ಸೇಮಿಯಾ ಮಾತ್ರದ ವಾಹಕರು, 25% ಎಸ್‌ಎಂಎ ಮಾತ್ರದ ವಾಹಕರು, 25% ಯಾವುದರ ವಾಹಕರೂ ಅಲ್ಲ. ರೋಗಿಗಳ ಸಂಖ್ಯೆ ಸೊನ್ನೆ. ಈ ಸೊನ್ನೆಗೆ ಒಂದು ಷರತ್ತಿದೆ: ತಾಯಿ ಥಲಸ್ಸೇಮಿಯಾ ವಾಹಕಿ ಅಲ್ಲ, ತಂದೆ ಎಸ್‌ಎಂಎ ವಾಹಕ ಅಲ್ಲ ಎಂದು ಪರೀಕ್ಷೆಯಿಂದ ತಿಳಿದಿರಬೇಕು.

ಒಬ್ಬರಿಗೆ ರೋಗವೇ ಇದ್ದು ಇನ್ನೊಬ್ಬರು ಬೇರೆ ಜೀನ್‌ನ ವಾಹಕರಾಗಿದ್ದರೆ, ಎಲ್ಲ ಮಕ್ಕಳೂ ಮೊದಲನೆಯದರ ವಾಹಕರು, ಅರ್ಧದಷ್ಟು ಮಕ್ಕಳು ಎರಡನೆಯದರ ವಾಹಕರೂ ಹೌದು, ರೋಗಿಗಳು ಯಾರೂ ಇಲ್ಲ. ಅದೇ ಷರತ್ತು ಇಲ್ಲಿಗೂ ಅನ್ವಯಿಸುತ್ತದೆ. ಇಬ್ಬರೂ ಅವೇ ಎರಡು ಕಾಯಿಲೆಗಳ ವಾಹಕರಾಗಿದ್ದು ಆ ಜೀನ್‌ಗಳು ಬೇರೆ ಬೇರೆ ವರ್ಣತಂತುಗಳಲ್ಲಿದ್ದರೆ, ಮಗು ಎರಡರಿಂದಲೂ ಪಾರಾಗುವ ಸಾಧ್ಯತೆ ಮುಕ್ಕಾಲನ್ನು ಮುಕ್ಕಾಲಿನಿಂದ ಗುಣಿಸಿದಷ್ಟು, ಅಂದರೆ 16ರಲ್ಲಿ 9. ಕನಿಷ್ಠ ಒಂದು ಕಾಯಿಲೆಯಾದರೂ ಬರುವ ಸಾಧ್ಯತೆ 16ರಲ್ಲಿ 7. ಇದು ದೊಡ್ಡ ಸಂಖ್ಯೆ. ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಇಂಥ ಜೋಡಿಗಳು ನಿಜವಾಗಿಯೂ ಕಂಡುಬರುತ್ತವೆ.

‘ನಾಲ್ಕರಲ್ಲಿ ಒಂದು’ ಎಂದರೆ ನಾಲ್ಕು ಮಕ್ಕಳಾದರೆ ಒಂದಕ್ಕೆ ರೋಗ ಎಂದಲ್ಲ. ನಾಣ್ಯಕ್ಕೆ ಹಿಂದಿನ ಸಲ ಯಾವ ಮುಖ ಬಿತ್ತೆಂಬ ನೆನಪಿರುವುದಿಲ್ಲ. ಪ್ರತಿ ಬಸಿರೂ ಹಾಗೆಯೇ ಹೊಸ ಎಸೆತ. ‘ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ’ ಎಂದು ನಂಬಿ ಎರಡನೆಯ ಮಗುವೂ ರೋಗದೊಡನೆ ಹುಟ್ಟಿದ ಕುಟುಂಬಗಳ ಸಂಕಟ ದೊಡ್ಡದು. ದಯವಿಟ್ಟು ಈ ಒಂದು ತಪ್ಪು ಮಾಡಬೇಡಿ.

ಹೆಜ್ಜೆ 6: ಪರಸ್ಪರರ ಕಾಯಿಲೆಗೆ ಪರೀಕ್ಷೆ, ಅದೂ ಸರಿಯಾದ ಪರೀಕ್ಷೆ

ತನ್ನ ಮನೆಯಲ್ಲಿರುವ ಕಾಯಿಲೆಗೆ ಪರೀಕ್ಷೆ ಮಾಡಿಸಿಕೊಂಡವರು ಸಂಗಾತಿಯ ಮನೆಯ ಕಾಯಿಲೆಗೂ ಮಾಡಿಸಿಕೊಂಡಿರುವುದು ಅಪರೂಪ. ‘ನನಗೆ ಎಸ್‌ಎಂಎ ವಾಹಕತ್ವ ಇದೆ’ ಎಂಬ ವರದಿ ‘ನನಗೆ ಥಲಸ್ಸೇಮಿಯಾ ಇಲ್ಲ’ ಎಂದು ಹೇಳುವುದಿಲ್ಲ. ಎಸ್‌ಎಂಎಗೆ 16 ಕೋಟಿ ರೂಪಾಯಿಯ ಚುಚ್ಚುಮದ್ದು ಬೇಕೆಂದು ಮಕ್ಕಳ ತಂದೆತಾಯಿ ನೆರವು ಕೇಳಿದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಆ ಕಾಯಿಲೆಯ ವಾಹಕರನ್ನು ಪತ್ತೆಮಾಡುವುದು ಸಾಮಾನ್ಯ ರಕ್ತದ ಎಣಿಕೆಯಿಂದ ಸಾಧ್ಯವಿಲ್ಲ. ಎಸ್‌ಎಂಎನ್1 ಜೀನ್‌ನ ಪ್ರತಿಗಳನ್ನು ಎಣಿಸುವ ವಿಶೇಷ ಡಿಎನ್‌ಎ ಪರೀಕ್ಷೆಯೇ ಬೇಕು.

ಸಿಕಲ್ ಸೆಲ್ ವಿಷಯದಲ್ಲಿ ಒಂದು ಅಪಾಯಕರ ಸಂದಿ ಇದೆ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭಿಸಿದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ 40 ವರ್ಷದವರೆಗಿನ ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಳ್ಳಲಾಗಿತ್ತು. ಇಂಥ ಶಿಬಿರಗಳಲ್ಲಿ ಮೊದಲ ಹಂತಕ್ಕೆ ಬಳಸುವ ಸಾಲ್ಯುಬಿಲಿಟಿ ಪರೀಕ್ಷೆ ಸಿಕಲ್ ಹಿಮೋಗ್ಲೋಬಿನ್ ಇದೆಯೇ ಇಲ್ಲವೇ ಎಂಬುದನ್ನು ಮಾತ್ರ ತೋರಿಸುತ್ತದೆ. ಅದರಲ್ಲಿ ‘ಇಲ್ಲ’ ಎಂದು ಬಂದವರು ಬೀಟಾ ಥಲಸ್ಸೇಮಿಯಾ, ಹಿಮೋಗ್ಲೋಬಿನ್ ಡಿ ಅಥವಾ ಇ ವಾಹಕರಾಗಿರಬಹುದು. ಒಬ್ಬರ ತಪಾಸಣಾ ಕಾರ್ಡಿನಲ್ಲಿ ಸಿಕಲ್ ವಾಹಕ ಎಂದಿದ್ದರೆ ಇನ್ನೊಬ್ಬರಿಗೆ ಈ ಶಿಬಿರದ ‘ಇಲ್ಲ’ ಸಾಲದು. ಎಚ್‌ಪಿಎಲ್‌ಸಿ ಎಂಬ, ಹಿಮೋಗ್ಲೋಬಿನ್‌ನ ಬಗೆಗಳನ್ನು ಬಿಡಿಸಿ ಅಳೆಯುವ ಪರೀಕ್ಷೆ ಆಗಲೇಬೇಕು.

ಎಚ್‌ಪಿಎಲ್‌ಸಿ ವರದಿಯಲ್ಲಿ ಹಿಮೋಗ್ಲೋಬಿನ್ ಎ2 3.5% ಮೀರಿದ್ದು, ಜತೆಗೆ ರಕ್ತದ ಎಣಿಕೆಯಲ್ಲಿ ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 80ಕ್ಕಿಂತ, ಎಂಸಿಎಚ್ (ಒಂದು ಕಣದಲ್ಲಿರುವ ಹಿಮೋಗ್ಲೋಬಿನ್‌ನ ಸರಾಸರಿ ಪ್ರಮಾಣ) 27ಕ್ಕಿಂತ ಕಡಿಮೆ ಇದ್ದರೆ ಬೀಟಾ ಥಲಸ್ಸೇಮಿಯಾ ವಾಹಕತ್ವದ ಸೂಚನೆ. ಕಬ್ಬಿಣದ ಕೊರತೆ ಇದ್ದಾಗ ಎ2 ಸ್ವಲ್ಪ ಇಳಿದು ವಾಹಕರೂ ಸಾಮಾನ್ಯರಂತೆ ಕಾಣಬಹುದು. ಎ2 ಗಡಿಯಲ್ಲಿದ್ದರೆ, ಎಂಸಿವಿ ಕಡಿಮೆ ಇದ್ದೂ ಎ2 ಸರಿಯಾಗಿದ್ದರೆ, ‘ಎಲ್ಲ ಸರಿ’ ಎಂಬ ಮಾತಿಗೆ ಒಪ್ಪದೆ ಕಬ್ಬಿಣದ ಪ್ರಮಾಣ ನೋಡಿಸಿ, ಡಿಎನ್‌ಎ ಪರೀಕ್ಷೆಯ ಬಗ್ಗೆ ಕೇಳಿ. ಇತ್ತೀಚೆಗೆ ರಕ್ತ ಕೊಡಿಸಿಕೊಂಡಿದ್ದರೆ ಅದನ್ನು ಪ್ರಯೋಗಾಲಯಕ್ಕೆ ಮೊದಲೇ ತಿಳಿಸಿ. ದಾನಿಯ ರಕ್ತ ಫಲಿತಾಂಶವನ್ನು ಕೆಡಿಸುತ್ತದೆ. ‘ರಕ್ತ ಕಡಿಮೆ’ ಎಂದು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಯೂ ಏರದ ಹೆಣ್ಣುಮಕ್ಕಳಲ್ಲಿ ಥಲಸ್ಸೇಮಿಯಾ ವಾಹಕಿಯರು ಇರುತ್ತಾರೆ. ಅವರಿಗೆ ಬೇಕಾದದ್ದು ಇನ್ನಷ್ಟು ಮಾತ್ರೆಯಲ್ಲ, ಒಂದು ಎಚ್‌ಪಿಎಲ್‌ಸಿ.

ಪರೀಕ್ಷೆಯಲ್ಲಿ ‘ಇಲ್ಲ’ ಎಂದು ಬಂದರೂ ಉಳಿಯುವ ಸಣ್ಣ ಅಪಾಯವನ್ನು ಹೀಗೆ ಅರಿಯಬಹುದು. ಲೆಕ್ಕದ ಅನುಕೂಲಕ್ಕೆ 50 ಜನರಲ್ಲಿ ಒಬ್ಬರು ಒಂದು ಕಾಯಿಲೆಯ ವಾಹಕರು, ಪರೀಕ್ಷೆ ನೂರು ವಾಹಕರಲ್ಲಿ 95 ಜನರನ್ನು ಹಿಡಿಯುತ್ತದೆ ಎಂದುಕೊಳ್ಳೋಣ. 5,000 ಜನರಲ್ಲಿ 100 ವಾಹಕರು. 95 ಮಂದಿ ಸಿಕ್ಕಿಬಿದ್ದರು, ಐವರು ತಪ್ಪಿಸಿಕೊಂಡರು. ‘ಇಲ್ಲ’ ಎಂಬ ವರದಿ ಪಡೆದವರು 4,905, ಅವರಲ್ಲಿ ಐವರು ನಿಜಕ್ಕೂ ವಾಹಕರು, ಅಂದರೆ ಸುಮಾರು 980ರಲ್ಲಿ ಒಬ್ಬರು. ಸಂಗಾತಿ ಖಚಿತ ವಾಹಕರಾಗಿದ್ದರೆ ಮಗುವಿನ ಅಪಾಯ ಅದರ ನಾಲ್ಕನೇ ಒಂದು, ಸರಿಸುಮಾರು 3,900ರಲ್ಲಿ ಒಂದು. ಪರೀಕ್ಷೆಯನ್ನೇ ಮಾಡಿಸದಿದ್ದರೆ ಅದು 200ರಲ್ಲಿ ಒಂದು. ನಿಮ್ಮ ನಿಜವಾದ ಸಂಖ್ಯೆಗಳನ್ನು ಸಮಾಲೋಚಕರು ಇದೇ ದಾರಿಯಲ್ಲಿ ಹಾಕಿಕೊಡುತ್ತಾರೆ. ಹಾಕಿಕೊಡದಿದ್ದರೆ ನೀವೇ ಕೇಳಿ.

ಹೆಜ್ಜೆ 7: ಸಂಬಂಧದೊಳಗಿನ ಮದುವೆಯಾದರೆ

ಕರ್ನಾಟಕದಲ್ಲಿ ಸುಮಾರು ಕಾಲುಭಾಗದಷ್ಟು ಮದುವೆಗಳು ರಕ್ತಸಂಬಂಧದೊಳಗೇ ನಡೆಯುತ್ತವೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ತೋರಿಸಿವೆ. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ವಾಡಿಕೆ. ಇಂಥ ಕಡೆ ‘ನನ್ನದು ಬೇರೆ, ಅವಳದು ಬೇರೆ’ ಎಂಬ ಮಾತನ್ನು ಎಚ್ಚರಿಕೆಯಿಂದ ಒಪ್ಪಬೇಕು, ಏಕೆಂದರೆ ಇಬ್ಬರೂ ಒಂದೇ ಅಜ್ಜ–ಅಜ್ಜಿಯ ಕೆಟ್ಟ ಪ್ರತಿಯನ್ನು ಹೊತ್ತಿರುವ ಸಾಧ್ಯತೆ ಹೆಚ್ಚು.

ಒಬ್ಬ ವ್ಯಕ್ತಿ ಯಾವುದೋ ಸುಪ್ತ ಕಾಯಿಲೆಯ ಖಚಿತ ವಾಹಕ. ಅವನ ಅಕ್ಕ ಅದೇ ಪ್ರತಿಯನ್ನು ಹೊತ್ತಿರುವ ಸಾಧ್ಯತೆ ಅರ್ಧ, ಅಕ್ಕನ ಮಗಳು ಹೊತ್ತಿರುವ ಸಾಧ್ಯತೆ ಕಾಲು. ಅವರಿಬ್ಬರೂ ಮದುವೆಯಾದರೆ ಮಗುವಿನ ಅಪಾಯ ಕಾಲನ್ನು ಕಾಲಿನಿಂದ ಗುಣಿಸಿದಷ್ಟು: 16ರಲ್ಲಿ ಒಂದು. ಅತ್ತೆಯ ಮಗಳು ಅಥವಾ ಮಾವನ ಮಗಳಾದರೆ 32ರಲ್ಲಿ ಒಂದು. ಆ ವ್ಯಕ್ತಿಯ ಒಡಹುಟ್ಟಿದವರಲ್ಲೇ ಯಾರಿಗಾದರೂ ರೋಗ ಬಂದಿದ್ದು ಇವನ ಪರೀಕ್ಷೆ ಆಗಿಲ್ಲದಿದ್ದರೆ, ಆರೋಗ್ಯವಾಗಿರುವ ಇವನು ವಾಹಕನಾಗಿರುವ ಸಾಧ್ಯತೆ ಮೂರರಲ್ಲಿ ಎರಡು, ಆರೋಗ್ಯವಾಗಿರುವ ಅಕ್ಕನದೂ ಅಷ್ಟೇ, ಅವಳ ಮಗಳದು ಮೂರರಲ್ಲಿ ಒಂದು; ಮಗುವಿಗೆ 18ರಲ್ಲಿ ಒಂದು. ಇದು ಒಂದು ಕಾಯಿಲೆಯ ಲೆಕ್ಕ ಮಾತ್ರ. ಮನೆತನದಲ್ಲಿ ಎರಡು ಕಾಯಿಲೆಗಳು ಓಡಾಡುತ್ತಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ಹಾಕಬೇಕು. ಗೊತ್ತಿಲ್ಲದ ಮೂರನೆಯದೂ ಇರಬಹುದೆಂಬ ಕಾರಣಕ್ಕೆ ಇಂಥ ದಂಪತಿಗೆ ನೂರಾರು ಜೀನ್‌ಗಳನ್ನು ಒಟ್ಟಿಗೆ ನೋಡುವ ವಿಸ್ತೃತ ವಾಹಕ ಪರೀಕ್ಷೆಯನ್ನು ವೈದ್ಯರು ಸಲಹೆ ಮಾಡುತ್ತಾರೆ. ದುಬಾರಿ ಎಂದು ಅನ್ನಿಸಬಹುದು. ನನ್ನ ಅಭಿಪ್ರಾಯದಲ್ಲಿ ಈ ಒಂದು ಸಂದರ್ಭದಲ್ಲಿ ಅದು ತಕ್ಕ ಖರ್ಚು.

ಹೆಜ್ಜೆ 8: ಅಪಾಯ ನಿಜವೆಂದು ತಿಳಿದರೆ

ಮದುವೆ ಮುರಿಯುವುದೇ ದಾರಿ ಎಂದು ಭಾವಿಸಬೇಡಿ. ಸೈಪ್ರಸ್ ದ್ವೀಪದಲ್ಲಿ ಏಳು ಜನರಲ್ಲಿ ಸುಮಾರು ಒಬ್ಬರು ಬೀಟಾ ಥಲಸ್ಸೇಮಿಯಾ ವಾಹಕರು. ಅಲ್ಲಿನ ಚರ್ಚ್ 1983ರಿಂದ ಮದುವೆಗೆ ಮೊದಲು ಪರೀಕ್ಷೆಯ ಪ್ರಮಾಣಪತ್ರ ಕೇಳತೊಡಗಿತು. ಇಬ್ಬರೂ ವಾಹಕರೆಂದು ತಿಳಿದ ಜೋಡಿಗಳಲ್ಲಿ ಬಹುಪಾಲು ಮದುವೆಯಾದರು. ಗರ್ಭದಲ್ಲೇ ಪರೀಕ್ಷೆ ಮಾಡಿಸಿಕೊಂಡರು. ರೋಗದೊಡನೆ ಹುಟ್ಟುವ ಮಕ್ಕಳ ಸಂಖ್ಯೆ ಬಹುತೇಕ ನಿಂತೇಹೋಯಿತು.

ನಮ್ಮಲ್ಲಿ ಇರುವ ದಾರಿಗಳು ಇವು. ಗರ್ಭದ ಸುಮಾರು 10ರಿಂದ 13ನೇ ವಾರದೊಳಗೆ ಮಾಸಿನ ಅಂಚಿನ ಚೂರು ತೆಗೆದು, ಅಥವಾ 15ನೇ ವಾರದ ನಂತರ ಗರ್ಭದ ನೀರು ತೆಗೆದು ಭ್ರೂಣದ ಡಿಎನ್‌ಎ ಪರೀಕ್ಷಿಸಬಹುದು. 1994ರ ಪ್ರಸವಪೂರ್ವ ಪರೀಕ್ಷಾ ಕಾಯ್ದೆ ಹಿಮೋಗ್ಲೋಬಿನ್ ಕಾಯಿಲೆಗಳು ಮತ್ತು ಇತರ ಆನುವಂಶಿಕ ಕಾಯಿಲೆಗಳಿಗಾಗಿ ಇದಕ್ಕೆ ಅವಕಾಶ ಕೊಡುತ್ತದೆ. ಲಿಂಗ ತಿಳಿಸುವುದು ಅಪರಾಧ, ಕೇಳುವುದೂ ಅಪರಾಧ. ಗರ್ಭಪಾತದ ಕಾನೂನು 2021ರಲ್ಲಿ ಬದಲಾಗಿದೆ: 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ, ಭ್ರೂಣಕ್ಕೆ ಗಂಭೀರ ದೋಷವಿದ್ದು ಅದಕ್ಕೂ ಮೀರಿದರೆ ವೈದ್ಯಕೀಯ ಮಂಡಳಿಯ ತೀರ್ಮಾನ ಬೇಕು. ಐವಿಎಫ್ ಮೂಲಕ ಭ್ರೂಣಗಳನ್ನು ಬೆಳೆಸಿ, ಪರೀಕ್ಷಿಸಿ, ರೋಗವಿಲ್ಲದ್ದನ್ನು ಗರ್ಭಕ್ಕೆ ಸೇರಿಸುವ ದಾರಿಯೂ ಇದೆ, ಖರ್ಚು ಹೆಚ್ಚು. ದತ್ತು ಸ್ವೀಕಾರವೂ ಇದೆ. ಯಾವ ಪರೀಕ್ಷೆಯೂ ಬೇಡ, ಬಂದ ಮಗುವನ್ನು ಸಾಕುತ್ತೇವೆ ಎನ್ನುವ ದಂಪತಿಯ ತೀರ್ಮಾನವನ್ನೂ ಗೌರವಿಸಬೇಕು. ಅವರು ಹುಟ್ಟಿದ ಕೂಡಲೇ ಮಗುವಿನ ಪರೀಕ್ಷೆ ಮಾಡಿಸಲಿ; ಸಿಕಲ್ ಸೆಲ್‌ನಲ್ಲಿ ಬೇಗ ಆರಂಭಿಸಿದ ಪೆನಿಸಿಲಿನ್, ಲಸಿಕೆ, ಮುಂದೆ ಹೈಡ್ರಾಕ್ಸಿಯೂರಿಯಾ, ಇವು ಮಗುವಿನ ಬದುಕನ್ನು ಬದಲಿಸುತ್ತವೆ. ಥಲಸ್ಸೇಮಿಯಾ, ಸಿಕಲ್ ಸೆಲ್ ಎರಡೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸೇರಿವೆ ಎಂಬುದೂ ಗೊತ್ತಿರಲಿ.

ಸಮಯದ ವಿಷಯದಲ್ಲಿ ನನ್ನದು ಒತ್ತಾಯದ ಮಾತು: ಈ ಪರೀಕ್ಷೆಗಳನ್ನು ಬಸಿರಾಗುವ ಮೊದಲೇ ಮುಗಿಸಿ. ಭ್ರೂಣದ ಪರೀಕ್ಷೆಗೆ ತಂದೆತಾಯಿ ಇಬ್ಬರ ಜೀನ್‌ನಲ್ಲಿನ ನಿಖರ ಬದಲಾವಣೆ ಮೊದಲೇ ಗೊತ್ತಿರಬೇಕು, ಅದನ್ನು ಹುಡುಕಲು ವಾರಗಳು ಹಿಡಿಯುತ್ತವೆ. ಬಸಿರಾದ ಮೇಲೆ ತಿಳಿದರೆ ಹೆಂಡತಿಯ ವರದಿ ಬಂದ ನಂತರ ಗಂಡನದು ಎಂದು ಕಾಯಬೇಡಿ, ಇಬ್ಬರ ರಕ್ತವನ್ನೂ ಒಂದೇ ದಿನ ಕೊಡಿ.

ಹೆಜ್ಜೆ 9: ಸಮಾಲೋಚಕರ ಮುಂದೆ, ನಂತರ ಬಂಧುಗಳ ಮುಂದೆ

ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯಕೀಯ ಜೆನೆಟಿಕ್ಸ್ ವಿಭಾಗದಂಥ ಕಡೆ ತಜ್ಞರ ಸಲಹೆ ಸಿಗುತ್ತದೆ. ಹೋಗುವಾಗ ಎರಡೂ ಮನೆಯ ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಂಡು ಹೋಗಿ: ಯಾರಿಗೆ ಯಾವ ಕಾಯಿಲೆ, ಚಿಕ್ಕಂದಿನಲ್ಲೇ ತೀರಿಹೋದ ಮಕ್ಕಳು, ಪದೇ ಪದೇ ಗರ್ಭಪಾತವಾದವರು, ಸಂಬಂಧದೊಳಗೆ ಆದ ಮದುವೆಗಳು. ಈ ಕೊನೆಯ ಸಂಗತಿಯನ್ನು ಹೇಳಲು ಸಂಕೋಚ ಬೇಡ. ಅಲ್ಲಿ ಕೇಳಬೇಕಾದದ್ದು ನಾಲ್ಕೇ: ಇಬ್ಬರ ದೋಷವೂ ಒಂದೇ ಜೀನ್‌ನಲ್ಲಿದೆಯೇ? ಎರಡೂ ಸೇರಿದರೆ ಮಗುವಿಗೆ ಏನಾಗುತ್ತದೆ, ಎಷ್ಟು ತೀವ್ರ? ನಮ್ಮಿಬ್ಬರಿಗೂ ಪರಸ್ಪರರ ಕಾಯಿಲೆಯ ಪರೀಕ್ಷೆ ಸರಿಯಾದ ವಿಧಾನದಲ್ಲಿ ಆಗಿದೆಯೇ? ‘ಇಲ್ಲ’ ಎಂದು ಬಂದರೆ ಉಳಿಯುವ ಅಪಾಯ ಎಷ್ಟು? ಉತ್ತರಗಳನ್ನು ಬರವಣಿಗೆಯಲ್ಲಿ ಪಡೆಯಿರಿ, ಕನ್ನಡದಲ್ಲಿ ವಿವರಿಸಿ ಎಂದು ಕೇಳಲು ನಿಮಗೆ ಹಕ್ಕಿದೆ.

ನೀವು ವಾಹಕರಾದರೆ ನಿಮ್ಮ ಅಣ್ಣ, ತಂಗಿ, ಚಿಕ್ಕಪ್ಪ, ಅತ್ತೆಯ ಮಕ್ಕಳೂ ಆಗಿರಬಹುದು. ಮದುವೆಯ ವಯಸ್ಸಿನವರಿಗೆ, ಮಗುವಿನ ಯೋಚನೆಯಲ್ಲಿರುವವರಿಗೆ ಮೊದಲು ತಿಳಿಸಿ. ಫೋನಿನಲ್ಲಿ ಕಾಯಿಲೆಯ ಹೆಸರನ್ನಷ್ಟೇ ಹೇಳಿದರೆ ಅದು ಬಾಯಿಂದ ಬಾಯಿಗೆ ಬದಲಾಗುತ್ತದೆ. ವರದಿಯ ಪ್ರತಿಯನ್ನೇ ಕಳಿಸಿ, ಜೀನ್ ಮತ್ತು ಅದರ ಬದಲಾವಣೆಯ ಸಾಲಿಗೆ ಗೆರೆ ಎಳೆದು ಕಳಿಸಿ. ನಿಮ್ಮ ಮಕ್ಕಳಿಗೆ ರೋಗವಿಲ್ಲದಿದ್ದರೆ ವಾಹಕತ್ವದ ಪರೀಕ್ಷೆಯನ್ನು ಚಿಕ್ಕಂದಿನಲ್ಲೇ ಮಾಡಿಸುವ ಆತುರ ಬೇಡ. ಅದು ಅವರು ದೊಡ್ಡವರಾಗಿ ತಾವೇ ತೀರ್ಮಾನಿಸಬೇಕಾದದ್ದು. ನಿಮ್ಮಿಬ್ಬರ ವರದಿಗಳನ್ನು ಮಾತ್ರ ಅವರ ಜನನ ಪ್ರಮಾಣಪತ್ರದ ಜತೆಯಲ್ಲೇ ಇಡಿ, ಹದಿನೆಂಟು ತುಂಬಿದಾಗ ಕೊಟ್ಟು ವಿವರಿಸಿ.